ಹುಲಿಗಿಯ ಹೊಳೆದಂಡೆ ಊರವರಿಗೂ ಸಿಗಲಿ

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಲಿಗೆಮ್ಮ ದೇವಿಯ ದರ್ಶನಕ್ಕೆ ಬಂದವರು ತುಂಗಭದ್ರೆಯಲ್ಲಿ ಮಿಂದು ಮರಳುತ್ತಾರೆ. ಬಿಟ್ಟುಹೋದ ಬಟ್ಟೆ, ಪ್ಲಾಸ್ಟಿಕ್ಕು ದಂಡೆಯಲ್ಲೇ ಉಳಿಯುತ್ತವೆ. ಉಳಿದ ದಿನ ಆ ದಂಡೆ ಯಾರದೂ ಅಲ್ಲ. ಸಂಜೆ ಮಕ್ಕಳು ಆಡಲು, ಹಿರಿಯರು ಕೂತು ಮಾತಾಡಲು, ಹೆಣ್ಣುಮಕ್ಕಳು ಅಂಜದೆ ಅಡ್ಡಾಡಲು ಇದಕ್ಕಿಂತ ಒಳ್ಳೆಯ ಜಾಗ ಊರಿಗೆ ಎಲ್ಲಿದೆ?

ದಂಡೆಯನ್ನು ಹಾಗೆ ಮಾಡಲು ದಾರಿ ತೋರುವ ಮಾದರಿ ದೂರವೇನಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕಸ, ಜಾಲಿಯಿಂದ ಮುಚ್ಚಿಹೋಗಿದ್ದ ಹಿರೇಹಳ್ಳದೊಳಗೆ ತಾವೇ ಇಳಿದರು. ಅವರ ಹಿಂದೆ ಜನ ಇಳಿದರು. ಸುಮಾರು 26 ಕಿಲೋಮೀಟರ್ ಹಳ್ಳ ಹಸನಾಯಿತು. ಆಮೇಲೆ ಗಿಣಿಗೇರಿ ಕೆರೆಯ ಹೂಳೆತ್ತಲೂ ಅದೇ ಜನಶಕ್ತಿ ಕೈ ಹಾಕಿತು. ಹಣಕ್ಕಿಂತ ಮೊದಲು ಅಲ್ಲಿ ಬೇಕಾದದ್ದು ‘ಇದು ನಮ್ಮದು’ ಎಂಬ ಭಾವ.

ಹುಲಿಗಿಗೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ನೆರಳಿಗೆ ಬೇವು, ಹೊಂಗೆ. ಕೂರಲು ಕಟ್ಟೆ, ಬಟ್ಟೆ ಬದಲಿಸಲು ಮರೆ, ಶೌಚಾಲಯ, ದೀಪ, ನಿತ್ಯದ ಕಸ ವಿಲೇವಾರಿ. ಭಜನೆಗೆ, ಬಯಲಾಟಕ್ಕೆ ಒಂದಿಷ್ಟು ಬಯಲು. ಮುಜರಾಯಿ ಇಲಾಖೆ ಮತ್ತು ಗ್ರಾಮ ಪಂಚಾಯಿತಿ ಊರವರನ್ನು ಕೂಡಿಸಿಕೊಂಡು ಈ ಕೆಲಸವನ್ನು ಮುಂದಿನ ಜಾತ್ರೆಗೆ ಮುನ್ನವೇ ಶುರುಮಾಡಬೇಕು.