ಲಲಿತಮಹಲಿನ ಬಾಗಿಲು ಯಾರಿಗೆ?

ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಬೆಳ್ಳಗೆ ಎದ್ದು ನಿಂತಿರುವ ಲಲಿತಮಹಲನ್ನು ನಮ್ಮ ಓದುಗರಲ್ಲಿ ಹಲವರು ದಸರೆಗೆ ಹೋದಾಗ ದೂರದಿಂದಲಾದರೂ ನೋಡಿರಬೇಕು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಇಟ್ಟರು. ಬ್ರಿಟಿಷ್ ವೈಸರಾಯರು ಬಂದರೆ ಇಳಿದುಕೊಳ್ಳಲು ತಕ್ಕ ಮನೆ ಬೇಕೆಂಬುದೇ ಉದ್ದೇಶ. ಇ. ಡಬ್ಲ್ಯು. ಫ್ರಿಚ್ಲೆ ಎಂಬವರು ನಕ್ಷೆ ಹಾಕಿದರು. ನಡುವಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯೇ ಮಾದರಿ. ಇಟಲಿಯ ಅಮೃತಶಿಲೆಯ ಮೆಟ್ಟಿಲು, ದೊರೆಗಳು ಕುಣಿಯಲು ದೊಡ್ಡ ಪಡಸಾಲೆ! ಇಳಿದವರ ಹೆಸರು ಚರಿತ್ರೆಯಲ್ಲಿದೆ. ಕಲ್ಲು ಹೊತ್ತವರ ಹೆಸರಿಲ್ಲ.

ಕಾಲ ತಿರುಗಿತು. 1974ರಲ್ಲಿ ಅದು ಕೇಂದ್ರದ ಪ್ರವಾಸೋದ್ಯಮ ನಿಗಮದ ಹೋಟೆಲಾಯಿತು. 2018ರಲ್ಲಿ ಕೇಂದ್ರವು ಅದನ್ನು ರಾಜ್ಯಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಿತು.

ನವಲಗುಂದದ ಹತ್ತಿ ಬೆಳೆಗಾರನಿಗೆ, ಗಿರಣಿಯ ಕೂಲಿಗೆ, ಅಣ್ಣಿಗೇರಿಯ ಕಿರಾಣಿ ಅಂಗಡಿಯವನಿಗೆ ಮೈಸೂರಿನ ಮಹಲಿನ ಗೊಡವೆ ಏಕೆ ಎಂದು ಕೇಳುವವರುಂಟು. ಗೊಡವೆ ಇದೆ. 1956ರ ಏಕೀಕರಣದಿಂದ ಮೈಸೂರೂ ನಮ್ಮದೇ. ಅಂಗಡಿಕಾರ ಕಟ್ಟುವ ತೆರಿಗೆ, ಕೂಲಿಕಾರ ಕೊಳ್ಳುವ ಸಾಬೂನಿನ ಮೇಲಿನ ತೆರಿಗೆ, ಎರಡರಲ್ಲೂ ಒಂದು ಪಾಲು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ವೈಸರಾಯರ ಮನೆಗೆ ಇಂದು ನಾವೇ ಮಾಲಿಕರು.

ಸರಕಾರದ ಕೈಯಲ್ಲಿ ಇಂಥ ಕಟ್ಟಡ ಉಳಿಯದು, ಖಾಸಗಿಯವರಿಗೆ ಗುತ್ತಿಗೆ ಕೊಡಿ ಎನ್ನುವವರು ಮೈಸೂರಿನದೇ ಮೆಟ್ರೋಪೋಲ್ ಹೋಟೆಲನ್ನು ತೋರಿಸುತ್ತಾರೆ. ಮಹಾರಾಜರು 1920ರಲ್ಲಿ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದ ಅದನ್ನು ರಾಜ್ಯದ ನಿಗಮವು ಖಾಸಗಿ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ದುರಸ್ತಿಯಾಗಿ 2004ರಲ್ಲಿ ಬಾಗಿಲು ತೆರೆಯಿತು. ಕಟ್ಟಡ ಉಳಿಯಿತು, ಒಪ್ಪೋಣ. ಆದರೆ ಗೋಡೆ ಉಳಿದರೆ ಸಾಕೆ? ಅಂದು ಬಿಳಿಯ ದೊರೆಗೆ ಮಾತ್ರ ತೆರೆದ ಬಾಗಿಲು ಇಂದು ಹಣದ ದೊರೆಗೆ ಮಾತ್ರ ತೆರೆದರೆ ಬದಲಾದದ್ದೇನು?

ನಾವು ಕೇಳುವುದು ದೊಡ್ಡದಲ್ಲ. ಲಲಿತಮಹಲು ಸಾರ್ವಜನಿಕರ ಆಸ್ತಿಯಾಗಿಯೇ ಉಳಿಯಲಿ. ದುರಸ್ತಿಯ ಲೆಕ್ಕ ಜನರ ಮುಂದೆ ಬರಲಿ. ಹಳೆಯ ಗಾರೆ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಗೋಡೆ ಹಾಳಾಗುತ್ತದೆಂಬುದನ್ನು ಯಾವ ಅನುಭವಸ್ಥ ಗೌಂಡಿಯೂ ಹೇಳಿಯಾನು. ಸುಣ್ಣದ ಗಾರೆ ಬಲ್ಲ ಕೈಗಳಿಗೆ ಕೆಲಸ ಸಿಗಲಿ, ಹುಡುಗರಿಗೆ ಆ ಕಸಬು ಕಲಿಸಲಿ. ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ನೌಕರರ ಕೆಲಸಕ್ಕೆ ಧಕ್ಕೆ ಬಾರದಿರಲಿ. ವಾರಕ್ಕೊಂದು ದಿನವಾದರೂ ಶಾಲೆಯ ಮಕ್ಕಳು ಆ ಮೆಟ್ಟಿಲು ಹತ್ತಿ ನೋಡಲಿ.

ಹಳೆಯ ಮನೆ ಬಾಳುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕುಂದಗೋಳದ ನಾಡಿಗೇರ ವಾಡೆಗೆ ಹೋಗಿರಿ. ಸವಾಯಿ ಗಂಧರ್ವರ ಸ್ಮರಣೆಯ ಸಂಗೀತವನ್ನು ಊರ ಜನ ಅಲ್ಲಿ ಕುಳಿತು ಕೇಳುತ್ತಾರೆ. ಜನ ಕಾಲಿಟ್ಟ ಮನೆ ಬಾಳುತ್ತದೆ. ಜನರ ಹಣದಿಂದ ನಿಂತ ಮಹಲಿಗೆ ಜನರೇ ಕಾಲಿಡಬಾರದೆಂದರೆ ಅದಕ್ಕೆ ಎಷ್ಟು ಸುಣ್ಣ ಬಳಿದರೂ ವ್ಯರ್ಥ.