ಬಜರ್ ಕೂಗಲಿ ಬಿಡಿ

ಚಿಕಲಠಾಣಾದಲ್ಲಿ ಕೂತು ದೋಣಿ ಎಂಜಿನ್ ಬಗ್ಗೆ ಬರೀತಾನಲ್ಲ ಅಂತ ನಗಬೇಡಿ. ನಮಗಿಲ್ಲಿ ನೀರು ಅಂದ್ರೆ ಪೈಠಣದ ನಾಥಸಾಗರ, ಅದು ಬಿಟ್ರೆ ಟ್ಯಾಂಕರ್. ಆದ್ರೆ ಗಂಗೊಳ್ಳಿ ಕಡೆಯ ನೆಂಟರ ಫೋನ್ ಬಂದಾಗಲೆಲ್ಲ ಮಾತು ಎಂಜಿನ್‌ಗೇ ಬಂದು ನಿಲ್ಲುತ್ತೆ. ಈ ಸಲ ಭಾವ ಹೇಳಿದ್ದು: "ಬಜರ್ ವೈರ್ ತೆಗ್ದ್ ಹಾಕಿದ್ವಿ ಮಾರಾಯ್ರೇ. ಕೀ ತಿರುಗಿಸಿದ ಕೂಡ್ಲೇ ಕೂಗತ್ತೆ, ತಲೆನೋವು."

ಕೂಗಲೇಬೇಕು! ಡೀಸೆಲ್ ಎಂಜಿನ್ ಬಂದ್ ಇರುವಾಗ ಆಯಿಲ್ ಪ್ರೆಶರ್ ಇರೋದಿಲ್ಲ, ಆಗ ಪ್ರೆಶರ್ ಸ್ವಿಚ್ ಕೂಡಿಕೊಂಡೇ ಇರುತ್ತೆ. ಸ್ಟಾರ್ಟ್ ಆಗಿ ಪ್ರೆಶರ್ ಏರಿದ ಮೇಲೆ ಬಿಟ್ಟುಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಆ ನಾಲ್ಕು ಸೆಕೆಂಡಿನ ಕಿರಿಕಿರಿಯೇ ಬ್ಯಾಟರಿ, ಫ್ಯೂಸ್, ವೈರು ಎಲ್ಲ ಸರಿಯಿದೆ ಅನ್ನೋದಕ್ಕೆ ಸಾಕ್ಷಿ. ಕೀ ತಿರುಗಿಸಿದಾಗ ಸುಮ್ಮನಿದ್ರೆ ಹೆದರಬೇಕು.

ಜೋಡಣೆ ದೊಡ್ಡ ವಿದ್ಯೆಯಲ್ಲ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ಕೀ, ಆಮೇಲೆ ಬಜರ್. ಬಜರ್‌ನ ಇನ್ನೊಂದು ತುದಿಯಿಂದ ಒಂದು ವೈರು ಆಯಿಲ್ ಸ್ವಿಚ್‌ಗೆ, ಇನ್ನೊಂದು ಟೆಂಪರೇಚರ್ ಸ್ವಿಚ್‌ಗೆ. ಎರಡಕ್ಕೂ ಅರ್ಥ್ ಎಂಜಿನ್ ಬ್ಲಾಕೇ. ಯಾವುದು ಕೂಡಿಕೊಂಡ್ರೂ ಕೂಗುತ್ತೆ. ಒಂದು ಎಚ್ಚರಿಕೆ: ಮೀಟರಿಗೆ ಹಾಕುವ ಸೆಂಡರ್ ಬೇರೆ, ಸ್ವಿಚ್ ಬೇರೆ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟುಬಿಡ್ತಾರೆ.

ಟೆಂಪರೇಚರ್ ಕಡೆ ಮಾತ್ರ ಈ ತನ್ನಷ್ಟಕ್ಕೇ ಆಗುವ ಪರೀಕ್ಷೆ ಇಲ್ಲ. ಆ ಸ್ವಿಚ್ ಬಿಸಿಯಾದಾಗಷ್ಟೇ ಕೂಡಿಕೊಳ್ಳೋದು. ಉಪ್ಪುಗಾಳಿಗೆ ವೈರು ಹಸಿರುಗಟ್ಟಿ ತುಂಡಾಗಿದ್ರೆ ಯಾರಿಗೂ ಗೊತ್ತಾಗೋಲ್ಲ. ಹಾಗಾಗಿ ಎಂಜಿನ್ ಓಡುತ್ತಿರುವಾಗ, ಬೆಲ್ಟ್‌ನಿಂದ ಕೈ ದೂರ ಇಟ್ಟು, ಆ ವೈರು ಕಳಚಿ ಬ್ಲಾಕಿಗೆ ಮುಟ್ಟಿಸಬೇಕು. ಕೂಗಿದ್ರೆ ವೈರು ಸರಿ. ಕೂಲಿಂಗ್ ನೀರು ಪೂರ್ತಿ ಖಾಲಿಯಾದ್ರೆ ಸ್ವಿಚ್ ಬರಿ ಗಾಳಿಯಲ್ಲಿ ನಿಂತು ತಡವಾಗಿ ಎಚ್ಚರಿಸುವುದೂ ಉಂಟು. ಸಮುದ್ರದ ನೀರನ್ನು ಎಕ್ಸಾಸ್ಟ್‌ಗೆ ಬಿಡುವ ಎಂಜಿನ್ ಆದ್ರೆ, ಅಲ್ಲೇ ಇನ್ನೊಂದು ಸ್ವಿಚ್ ಹಾಕಿಸೋದು ಒಳ್ಳೇದು. ಪ್ಲಾಸ್ಟಿಕ್ ಚೀಲ ಬಂದು ನೀರಿನ ದಾರಿ ಕಟ್ಟಿದ್ರೆ ಮೊದಲು ಕಾಯೋದು ಅದೇ ಜಾಗ.

ದೀಪ ಸಾಲದಾ ಅಂತ ಕೇಳ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ, ಬಲೆ ಎಳೆಯುತ್ತಿರುವವನಿಗೆ ಕೆಂಪು ದೀಪ ಕಾಣೋದು ಯಾವಾಗ?

ಗಂಗೊಳ್ಳಿ ಅಳಿವೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನದಿ ಸಮುದ್ರ ಸೇರುವಲ್ಲಿ ಅಲೆ ಎದ್ದು ಮುರಿಯುತ್ತೆ. ಅಲ್ಲಿ ಎಂಜಿನ್ ನಿಂತ್ರೆ ದೋಣಿ ಅಡ್ಡ ತಿರುಗುತ್ತೆ, ಮುಂದಿನ ಅಲೆ ಮಗುಚುತ್ತೆ. ಬಿಸಿ ಏರ್ತಿದೆ ಅಂತ ಹತ್ತು ನಿಮಿಷ ಮೊದಲೇ ಗೊತ್ತಾದ್ರೆ ಅಳಿವೆಗೆ ನುಗ್ಗದೆ ಹೊರಗೇ ನಿಂತು, ಲಂಗರು ಹಾಕಿ, ಇನ್ನೊಂದು ದೋಣಿ ಕರೆಯಬಹುದು.

ನಾವು ಬ್ಯಾಂಕಿನವರೂ ಇಲ್ಲಿ ಕೈ ತೊಳ್ಕೊಳ್ಳೋ ಹಾಗಿಲ್ಲ. 2018-19ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಬಂತು, 2020ರಲ್ಲಿ ಮತ್ಸ್ಯ ಸಂಪದಾ ಯೋಜನೆ ಬಂತು. ದೋಣಿ ಸಾಲಕ್ಕೆ ಕೊಟೇಶನ್, ಇನ್ಶೂರೆನ್ಸ್, ಜಾಮೀನು ಎಲ್ಲ ಕೇಳ್ತೀವಿ. ಇನ್‌ಸ್ಪೆಕ್ಷನ್‌ಗೆ ಹೋದವರು ದೋಣಿ ಎದುರು ನಿಂತು ಫೋಟೋ ತೆಗೆಸಿಕೊಂಡು ಬರ್ತೀವಿ. ಲಕ್ಷಗಟ್ಟಲೆ ಸಾಲದ ಮುಂದೆ ಈ ಬಜರಿನ ಖರ್ಚು ಲೆಕ್ಕಕ್ಕೇ ಇಲ್ಲ. ಫೋಟೋಗೆ ಮೊದಲು "ಕೀ ತಿರುಗಿಸಿ ನೋಡುವಾ" ಅಂತ ಒಂದು ಮಾತು ಹೇಳೋಕೆ ಯಾವ ಸರ್ಕ್ಯುಲರ್ ಬೇಕು? ಎಂಜಿನ್ ಸಾಲದ ಫಾರ್ಮಿನಲ್ಲಿ ಇನ್ನೂ ಒಂದು ಸಾಲು ಹಿಡಿಸುತ್ತೆ.