ಎಲ್ಲಕ್ಕಿಂತ ಕೊನೆಗೆ ಕೊಳ್ಳುವ ಡಬ್ಬಿ

ಲಂಚ್ ಬ್ರೇಕ್‌ನಲ್ಲಿ ನಮ್ಮ ಕಾಮರ್ಸ್ ಹುಡುಗರ ಮಾತು ಗ್ರಾಫಿಕ್ಸ್ ಕಾರ್ಡ್‌ನಿಂದ ಶುರುವಾಗಿ ಓವರ್‌ಕ್ಲಾಕಿಂಗ್‌ನಲ್ಲಿ ಮುಗಿಯುತ್ತದೆ. ಯಾರ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್‌ಗೆ ಏರಿತು, ಯಾರಿಗೆ ಎಷ್ಟು ಫ್ರೇಮ್ ಬಂತು, ಇದೇ ಚರ್ಚೆ. "ನಿನ್ನ ಎಸ್‌ಎಂಪಿಎಸ್ ಯಾವುದು?" ಎಂದು ಕೇಳಿದವರನ್ನು ನಾನು ಇದುವರೆಗೆ ನೋಡಿಲ್ಲ. ಗೋಡೆಯ 230 ವೋಲ್ಟ್ ಎಸಿ ಕರೆಂಟನ್ನು 12 ವೋಲ್ಟ್ ಡಿಸಿಯಾಗಿ ಬದಲಿಸಿ ಇಡೀ ಕಂಪ್ಯೂಟರ್‌ಗೆ ಹಂಚುವ ಡಬ್ಬಿ ಅದು. ಓವರ್‌ಕ್ಲಾಕ್ ಮಾಡುವ ಆಸೆ ಇದ್ದವರು ಮೊದಲು ಅದಕ್ಕೆ ಹಣ ಎತ್ತಿಡಬೇಕು, ಆಗದಿದ್ದರೆ ಓವರ್‌ಕ್ಲಾಕ್ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಕಳೆದ ರಜೆಯಲ್ಲಿ ಈದಿ ಹಣ ಮತ್ತು ಅಬ್ಬು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಸೀಸನ್‌ಗೆ ದುಡಿದ ಹಣ ಸೇರಿಸಿ ಕಂಪ್ಯೂಟರ್ ಕಟ್ಟಿದೆ. ಮಾರತ್ತಹಳ್ಳಿಯಲ್ಲಿ ಇರುವ ಒಂದು ಅನುಕೂಲವೆಂದರೆ ಪಿಜಿ ಖಾಲಿ ಮಾಡುವ ಸಾಫ್ಟ್‌ವೇರ್ ಅಣ್ಣಂದಿರು ಸಾಮಾನು ಮಾರಿಯೇ ಹೋಗುತ್ತಾರೆ. ಒಬ್ಬರಿಂದ ಆರ್‌ಟಿಎಕ್ಸ್ 3060 ಕಾರ್ಡ್ ಮತ್ತು ರೈಜನ್ 5 5600 ಪ್ರೊಸೆಸರ್ ಸಿಕ್ಕಿತು. ಉಳಿದದ್ದಕ್ಕೆ 335ಇ ಬಸ್ ಹತ್ತಿ ಕಾರ್ಪೊರೇಷನ್‌ನಲ್ಲಿ ಇಳಿದು ಎಸ್.ಪಿ. ರೋಡ್‌ಗೆ ನಡೆದೆ. ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆ "500 ವ್ಯಾಟ್" ಎಸ್‌ಎಂಪಿಎಸ್ ಫ್ರೀ ಎಂದರು. ಫ್ರೀ ಎಂದ ಮೇಲೆ ಕಾಮರ್ಸ್ ವಿದ್ಯಾರ್ಥಿ ಕೂಡ ಲೆಕ್ಕ ಮರೆಯುತ್ತಾನೆ. ಕಾರ್ಡ್‌ಗೆ ಬೇಕಾದ ಎಂಟು ಪಿನ್ ವೈರೇ ಅದರಲ್ಲಿ ಇರಲಿಲ್ಲ. ಐವತ್ತು ರೂಪಾಯಿಯ ಕನ್ವರ್ಟರ್ ಹಾಕಿಸಿಕೊಂಡು ಬಂದೆ.

ಮೂರು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಆಟದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ನಾನು ವಿಂಡೋಸ್ ಅನ್ನು ಬೈದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಒಂದು ರಾತ್ರಿ ಪಟ್ ಎಂಬ ಶಬ್ದ, ಸುಟ್ಟ ಪ್ಲಾಸ್ಟಿಕ್ ವಾಸನೆ. ನಮ್ಮ ಮನೆಯಲ್ಲಿ ಹಾಲ್ ಎಂದರೆ ಅದೇ ನಾನು ಮತ್ತು ತಮ್ಮ ಮಲಗುವ ಕೋಣೆ. ತಮ್ಮ ಟೇಬಲ್‌ನಿಂದ ಎರಡು ಅಡಿ ದೂರದಲ್ಲಿ ಮಲಗಿದ್ದ. ಅಮ್ಮಿ ಓಡಿ ಬಂದು ಮೇನ್ ಸ್ವಿಚ್ ಇಳಿಸಿದರು. ಎಸ್‌ಎಂಪಿಎಸ್ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಅಬ್ಬು ಏನೂ ಬೈಯಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ.

ಆಮೇಲೆ ಸತ್ತ ಡಬ್ಬಿಯ ಲೇಬಲ್ ಓದಿದೆ. ಮೊದಲೇ ಓದಬೇಕಿತ್ತು. 500 ಎಂದು ದೊಡ್ಡದಾಗಿ ಬರೆದಿದ್ದರೂ, 12 ವೋಲ್ಟ್ ಸಾಲಿನಲ್ಲಿ ಇದ್ದದ್ದು 18 ಆಂಪಿಯರ್. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಆ 12 ವೋಲ್ಟ್ ಸಾಲಿನಿಂದಲೇ. ಅಂದರೆ ನನ್ನ 500 ವ್ಯಾಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಣ್ಣದ ಅಕ್ಷರ.

ಇನ್ನು ನನ್ನ ಕಡೆಯ ತಪ್ಪು. ಪ್ರೊಸೆಸರ್ ಎಳೆಯುವ ಶಕ್ತಿ ವೇಗದ ಜೊತೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜ್‌ನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ನಾನು ವೇಗವನ್ನು ಶೇ 10 ಹೆಚ್ಚಿಸಲು ವೋಲ್ಟೇಜನ್ನು 1.2ರಿಂದ 1.35ಕ್ಕೆ ತಂದಿದ್ದೆ. ಲೆಕ್ಕ ಹಾಕಿ ನೋಡಿ, ಶಕ್ತಿ ಸುಮಾರು ಶೇ 39 ಹೆಚ್ಚು. 76 ವ್ಯಾಟ್‌ನಲ್ಲಿ ನಿಲ್ಲಬೇಕಿದ್ದ ಪ್ರೊಸೆಸರ್ 105ರ ಹತ್ತಿರ ಹೋಯಿತು. ಕಾರ್ಡ್‌ನದು 170, ಅದನ್ನೂ ಏರಿಸಿದ್ದರಿಂದ 190 ಎನ್ನಿ. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿಗೆ 50. ಒಟ್ಟು 345. ಕ್ಷಣಮಾತ್ರಕ್ಕೆ ಕಾರ್ಡ್ ಇದಕ್ಕಿಂತ ತುಂಬಾ ಹೆಚ್ಚು ಎಳೆಯುವುದೂ ಉಂಟು. 216 ವ್ಯಾಟ್‌ನ ಬಡಪಾಯಿ ಮೂರು ವಾರ ಬದುಕಿದ್ದೇ ಆಶ್ಚರ್ಯ.

ಅಮ್ಮಿ ಒಂದು ಗಾದೆ ಹೇಳುತ್ತಾರೆ: ಮೆಹಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್. ದುಬಾರಿ ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗ ಕೊಂಡವನು ಮತ್ತೆ ಮತ್ತೆ. ಆದರೆ ದುಬಾರಿಯೇ ಸರಿ ಎಂದೂ ನಾನು ಒಪ್ಪುವುದಿಲ್ಲ. ಇಂಥದ್ದೇ ಕಂಪ್ಯೂಟರ್‌ಗೆ 1000 ವ್ಯಾಟ್ ಹಾಕಿಸಿ ಮೆರೆಯುವವರೂ ನಮ್ಮಲ್ಲಿದ್ದಾರೆ. 345ಕ್ಕೆ 550 ಸಾಕು, 650 ಧಾರಾಳ. ವ್ಯಾಟ್‌ಗಿಂತ ಮುಖ್ಯ 12 ವೋಲ್ಟ್ ಸಾಲಿನ ಆಂಪಿಯರ್, ಲೋಡ್ ಮಿತಿಮೀರಿದಾಗ ತಾನೇ ಆಫ್ ಆಗುವ ರಕ್ಷಣೆ, ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಇದು ಸ್ಥಿರ ಆಸ್ತಿ. ಕಾರ್ಡ್ ಬದಲಾದರೂ ಇದು ಉಳಿಯುತ್ತದೆ, ಸವಕಳಿ ನಿಧಾನ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ಶೇ 18 ಉಳಿಯುತ್ತದೆ ಎಂದು ಆಸೆ ತೋರಿಸುತ್ತಾರೆ, ಆಮೇಲೆ ವಾರಂಟಿ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ.

650 ವ್ಯಾಟ್ ಎಂದಾಗ ಅಮ್ಮಿಗೆ ಬೆಸ್ಕಾಂ ಬಿಲ್‌ನ ಚಿಂತೆ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ. ನಮ್ಮ ಮನೆಗೆ ಬಂದದ್ದು 121 ಯೂನಿಟ್. ಅದು ದಾಟಿದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ಆದರೆ 650 ಎಂಬುದು ಅದು ಕೊಡಬಲ್ಲ ಗರಿಷ್ಠ, ಯಾವಾಗಲೂ ಎಳೆಯುವುದಲ್ಲ. ಆಡುವಾಗ ಕಂಪ್ಯೂಟರ್‌ಗೆ 300 ವ್ಯಾಟ್ ಬೇಕು ಎನ್ನಿ. ಶೇ 75 ದಕ್ಷತೆಯ ಡಬ್ಬಿ ಅದಕ್ಕಾಗಿ ಗೋಡೆಯಿಂದ 400 ಎಳೆಯುತ್ತದೆ, ಶೇ 85ರ ಬ್ರಾಂಜ್ ದರ್ಜೆಯದು 353. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 48 ಯೂನಿಟ್‌ಗೆ ಬದಲು 42. ಉಳಿತಾಯ ದೊಡ್ಡದೇನಲ್ಲ, ಒಪ್ಪುತ್ತೇನೆ. ಬಿಲ್ ನಿಜವಾಗಿ ಇಳಿಯಬೇಕಾದರೆ ನಾಲ್ಕು ಗಂಟೆಯನ್ನು ಎರಡು ಮಾಡಬೇಕು. ಅದನ್ನು ಅಮ್ಮಿಗೆ ನಾನಾಗಿ ಹೇಳಿಲ್ಲ.

ಎರಡನೇ ಸಲ 4,800 ರೂಪಾಯಿ ಕೊಟ್ಟೆ, ಹಳೆಯ ಮದರ್‌ಬೋರ್ಡ್‌ಗೆ ಬೇರೆ. ಮೊದಲೇ ಕೊಟ್ಟಿದ್ದರೆ ಆ ಬೋರ್ಡಿನ ಖರ್ಚು ಇರುತ್ತಿರಲಿಲ್ಲ. ಈಗ ಓವರ್‌ಕ್ಲಾಕ್ ತೆಗೆದಿದ್ದೇನೆ. ಹೋದದ್ದು ಏಳೆಂಟು ಫ್ರೇಮ್, ಆಡುವಾಗ ಗೊತ್ತೂ ಆಗುವುದಿಲ್ಲ. ಹೊಸ ಡಬ್ಬಿ ಬಿಸಿಯೇ ಆಗುವುದಿಲ್ಲ. ಆದರೂ ಮಲಗುವ ಮುಂಚೆ ಅಮ್ಮಿ ಬಂದು ಅದರ ಹಿಂಬದಿಯನ್ನು ಮುಟ್ಟಿ ನೋಡಿ, ಪ್ಲಗ್ ಕಿತ್ತು ಹೋಗುತ್ತಾರೆ.